ಯಾವ ಉಕ್ಕಿನ ಚಾಕುವಿಗೆ ಯಾವ ಸಾಣೆ: ಕೊಳ್ಳುವ ಮುಂಚೆ ಇಷ್ಟು ನೋಡಿಕೊಳ್ಳಿ

ಚಾಕು ಕೊಳ್ಳುವಾಗ ಎಲ್ಲರೂ ಅಲಗಿನ ಮೇಲೆ ಹೆಬ್ಬೆರಳು ಆಡಿಸಿ ನೋಡುತ್ತಾರೆ. ಹೊಸದು, ಹರಿತ ಇದ್ದೇ ಇರುತ್ತದೆ. ಅದು ಮೊಂಡಾದ ದಿನ ಯಾರು ಮಸೆಯುತ್ತಾರೆ, ಯಾವುದರ ಮೇಲೆ ಮಸೆಯುತ್ತಾರೆ ಅಂತ ಮಾತ್ರ ಯಾರೂ ಯೋಚಿಸುವುದಿಲ್ಲ. ಬೀದಿಗೆ ಬರುವ ಸಾಣೆಯವನಾ, ಊರಿನ ಕಂಬಾರನಾ, ಮನೆಯಲ್ಲಿರುವ ಕಲ್ಲಾ? ಎಲ್ಲ ಉಕ್ಕೂ ಎಲ್ಲ ಕಲ್ಲಿಗೂ ಬಗ್ಗುವುದಿಲ್ಲ. ₹80ರ ಚಾಕು ಐದು ನಿಮಿಷಕ್ಕೆ ಹರಿತವಾಗುತ್ತದೆ, ₹8,000ದ್ದು ಅದೇ ಕಲ್ಲಿನ ಮೇಲೆ ಎಷ್ಟು ಉಜ್ಜಿದರೂ ಜಪ್ಪಯ್ಯ ಅನ್ನುವುದಿಲ್ಲ.

ಈ ಗೊಂದಲದಲ್ಲಿರುವವರು ನಮ್ಮ ಕಡೆ ಸುಮಾರು ಜನ ಇದ್ದಾರೆ. ಗಂಗಾವತಿ, ಸಿಂಧನೂರಿನ ಹುಡುಗರು ಆನ್‌ಲೈನಿನಲ್ಲಿ ಜಪಾನ್ ಚಾಕು ತರಿಸುತ್ತಾರೆ, ಬಳ್ಳಾರಿಯ ಮೆಸ್ಸಿನವರು ಸ್ಟೀಲಿನದು ಸಾಕಾ ಇಲ್ಲ ಕಂಬಾರನ ಹತ್ತಿರ ಮಾಡಿಸಲಾ ಅಂತ ಕೇಳುತ್ತಾರೆ, ಮನೆಯಲ್ಲಿ ಅಮ್ಮ ಈಳಿಗೆ ಬಿಟ್ಟು ಬೇರೆ ಏನೂ ಮುಟ್ಟುವುದಿಲ್ಲ. ಎಲ್ಲರಿಗೂ ಒಂದೇ ಉತ್ತರ ಕೊಡೋಕಾಗಲ್ಲ. ಅದಕ್ಕೇ ಮೊದಲು ಯಾವ ಯಾವ ಲೆಕ್ಕ ಹಾಕಬೇಕು ಅಂತ ಹೇಳಿ, ಆಮೇಲೆ ಒಂದೊಂದೇ ಉಕ್ಕಿಗೆ ಬರುತ್ತೇನೆ.

ಹಾಕಬೇಕಾದ ಲೆಕ್ಕ

ಮೊದಲನೆಯದು ಗಡಸು. ಇದನ್ನು ರಾಕ್‌ವೆಲ್ ಸಿ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಡಬ್ಬಿ ಮೇಲೆ ಎಚ್‌ಆರ್‌ಸಿ ಅಂತ ಬರೆದಿರುತ್ತದೆ. ಅಗ್ಗದ ಸ್ಟೇನ್‌ಲೆಸ್ 52–54ರ ಆಸುಪಾಸು, ಯುರೋಪಿನ ಅಡುಗೆ ಚಾಕು 55–58, ಜಪಾನಿನವು ಸಾಮಾನ್ಯವಾಗಿ 60ರಿಂದ ಮೇಲೆ. ಅಂಕಿ ಚಿಕ್ಕದಿದ್ದರೆ ಬಳಸುತ್ತಾ ಬಳಸುತ್ತಾ ಅಲಗಿನ ಅಂಚು ಒಂದು ಬದಿಗೆ ಮಡಚಿಕೊಳ್ಳುತ್ತದೆ. ಅದನ್ನು ಉಕ್ಕಿನ ರಾಡಿನಿಂದ ನೆಟ್ಟಗೆ ಮಾಡಬಹುದು. ಅಂಕಿ ದೊಡ್ಡದಿದ್ದರೆ ಮಡಚುವುದಿಲ್ಲ, ಬಹಳ ದಿನ ಹರಿತ ಹಿಡಿದುಕೊಂಡಿರುತ್ತದೆ, ಆದರೆ ಎಲುಬಿಗೋ ಕಲ್ಲಿಗೋ ತಾಗಿದರೆ ಚಕ್ಕೆ ಏಳುತ್ತದೆ. ಚಕ್ಕೆ ಎದ್ದ ಮೇಲೆ ರಾಡು ಏನೂ ಮಾಡಲ್ಲ. ಅಲ್ಲಿವರೆಗಿನ ಉಕ್ಕನ್ನು ಸವೆಸಿಯೇ ತೀರಬೇಕು.

ಎರಡನೆಯದು, ಉಕ್ಕಿನೊಳಗೆ ಏನು ಬೆರೆಸಿದ್ದಾರೆ ಅನ್ನೋದು. ಕ್ರೋಮಿಯಂ, ವೆನೇಡಿಯಂ ಇವು ಇಂಗಾಲದ ಜೊತೆ ಸೇರಿ ಕಾರ್ಬೈಡ್ ಅನ್ನುವ ಗಟ್ಟಿ ಕಣಗಳಾಗುತ್ತವೆ. ಎರಡು ಚಾಕುವಿನ ಎಚ್‌ಆರ್‌ಸಿ ಒಂದೇ ಇದ್ದರೂ, ಈ ಕಣ ಜಾಸ್ತಿ ಇರುವುದನ್ನು ಮಸೆಯೋದು ಕಷ್ಟ. ವೆನೇಡಿಯಂ ಕಾರ್ಬೈಡಂತೂ ಮಾಮೂಲಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲಿಗಿಂತ ಗಟ್ಟಿ. ಕಲ್ಲು ಸುತ್ತಲಿನ ಉಕ್ಕನ್ನು ತಿನ್ನುತ್ತದೆ, ಕಣಕ್ಕೆ ಬಂದಾಗ ಸೋಲುತ್ತದೆ.

ಮೂರನೆಯದು ಶಾಖ. ಮಸೆಯುವಾಗ ಎಷ್ಟು ಬಿಸಿ ತಡೆಯುತ್ತದೆ, ಯಾವಾಗ ಹದ, ಅಂದರೆ ಕಾಯಿಸಿ ಬರಿಸಿದ ಗಡಸು, ಇಳಿಯುತ್ತದೆ? ಇದನ್ನು ಸಾಣೆ ಚಕ್ರದ ಮಾತು ಬಂದಾಗ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಲ್ಕನೆಯದು ತುಕ್ಕು. ನಮ್ಮ ರಾಯಚೂರು, ಬಳ್ಳಾರಿಯ ಒಣ ಗಾಳಿಯಲ್ಲಿ ಮಂಗಳೂರಿನಷ್ಟು ಭಯ ಇಲ್ಲ. ಆದರೆ ಸಿಂಕಿನಲ್ಲಿ ರಾತ್ರಿಯಿಡೀ ನೆನೆಯಲು ಬಿಟ್ಟರೆ ಯಾವ ಊರಾದರೇನು. ಕೊನೆಗೆ ದುಡ್ಡು. ಚಾಕುವಿನ ಬೆಲೆಗೆ ಕಲ್ಲಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ. ಹೆಚ್ಚಿನವರು ಬಿಡುವುದು ಇದನ್ನೇ.

ಕೈಯಲ್ಲಿರುವುದು ಯಾವ ಉಕ್ಕು?

ಮ್ಯಾಗ್ನೆಟ್ ಹಿಡಿದರೆ ಸ್ಟೇನ್‌ಲೆಸ್ ಅಲ್ಲ ಅಂತ ಹೇಳುವವರು ಇದ್ದಾರೆ, ನಂಬಬೇಡಿ. ಊಟದ ತಟ್ಟೆ, ಚಮಚದ ಒಳ್ಳೆ ಸ್ಟೀಲಿಗೆ ಮ್ಯಾಗ್ನೆಟ್ ಅಂಟುವುದಿಲ್ಲ ನಿಜ. ಚಾಕುವಿನ ಸ್ಟೇನ್‌ಲೆಸ್ ಬೇರೆ ಜಾತಿ, ಗಡಸು ಬರಿಸಿದ್ದು, ಅದಕ್ಕೆ ಅಂಟಿಯೇ ಅಂಟುತ್ತದೆ. ನಿಂಬೆಹಣ್ಣು ವಾಸಿ. ಅಲಗಿನ ಮೇಲೆ ಒಂದು ಹನಿ ರಸ ಬಿಟ್ಟು ಹತ್ತು ನಿಮಿಷ ಬಿಡಿ. ಬೂದು, ಕಪ್ಪು ಕಲೆ ಬಿದ್ದರೆ ಕಾರ್ಬನ್ ಸ್ಟೀಲ್. ಏನೂ ಆಗದಿದ್ದರೆ ಸ್ಟೇನ್‌ಲೆಸ್, ಅಂದರೆ ಕ್ರೋಮಿಯಂ ಕಡಿಮೆ ಅಂದರೂ ಶೇ 10.5 ಇರುವ ಉಕ್ಕು.

ವೆಲ್ಡಿಂಗ್ ಶಾಪಿನವರಿಗೆ ಇನ್ನೊಂದು ದಾರಿ ಗೊತ್ತು. ಗ್ರೈಂಡರಿಗೆ ಹಿಡಿದು ಕಿಡಿ ನೋಡುತ್ತಾರೆ. ಕಾರ್ಬನ್ ಉಕ್ಕಿನ ಕಿಡಿ ಬೆಳ್ಳಗೆ, ತುದಿಯಲ್ಲಿ ಕವಲೊಡೆದು ಸಿಡಿಯುತ್ತದೆ. ಸ್ಟೇನ್‌ಲೆಸ್‌ನಲ್ಲಿ ಆ ಸಿಡಿತ ಕಡಿಮೆ. ಹ್ಯಾಕ್ಸಾ, ಅಂದರೆ ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡಿನ ಹೈಸ್ಪೀಡ್ ಉಕ್ಕಾದರೆ ಕೆಂಪಗೆ ಮಂಕಾದ ಗೆರೆಗಳಷ್ಟೇ, ಸಿಡಿತ ಇಲ್ಲವೇ ಇಲ್ಲ ಅನ್ನಬಹುದು. ಮನೆಯ ಒಳ್ಳೆ ಚಾಕುವಿನ ಮೇಲೆ ಈ ಪರೀಕ್ಷೆ ಬೇಡ, ಗುಜರಿಯಿಂದ ತಂದ ಪಟ್ಟಿಗೆ ಸರಿ.

ಮಾಮೂಲಿ ಸ್ಟೇನ್‌ಲೆಸ್

ಪಾತ್ರೆ ಅಂಗಡಿಯಲ್ಲಿ, ಸಂತೆಯಲ್ಲಿ ನೂರು ರೂಪಾಯಿ ಒಳಗೆ ಸಿಗುವ ತೆಳು ಚಾಕು. ಮೆತ್ತಗಿನ ಉಕ್ಕು. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ಸಾಣೆಯವನು ತುಸು ಜಾಸ್ತಿ ಒತ್ತಿದರೂ ಕಳೆದುಕೊಳ್ಳುವುದು ದೊಡ್ಡದೇನಿಲ್ಲ. ಕಲ್ಲು ಇಲ್ಲದಿದ್ದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದಲ್ಲಿ ಹೊಳಪು ಹಚ್ಚದ ಒರಟು ಅಂಚು ಇರುತ್ತಲ್ಲ, ಅದರ ಮೇಲೆ ಎರಡೂ ಬದಿ ಎಂಟೆಂಟು ಸಲ ಎಳೆದರೆ ಅವತ್ತಿನ ಅಡುಗೆಗೆ ಸಾಕು. ಕಲ್ಲಿನ ನಂಬರು ಹೆಚ್ಚಿದಷ್ಟೂ ಅದು ನುಣುಪು; ಇದಕ್ಕೆ 6000 ನಂಬರಿನ ನುಣುಪು ಕಲ್ಲು ಹಿಡಿಯೋದು ದಂಡ. ಆ ನುಣುಪು ಎರಡು ಉಳ್ಳಾಗಡ್ಡಿಗೆ ಹೋಗಿಬಿಡುತ್ತದೆ. 600–1000ದ ಕಲ್ಲಿನಲ್ಲಿ ನಿಲ್ಲಿಸಿದರೆ ಅಂಚಿನಲ್ಲಿ ಕಣ್ಣಿಗೆ ಕಾಣದ ಗರಗಸ ಉಳಿಯುತ್ತದೆ, ಟೊಮೆಟೊ ಸಿಪ್ಪೆಗೆ ಬೇಕಾದ್ದೇ ಅದು.

ಯುರೋಪಿನ ಸ್ಟೇನ್‌ಲೆಸ್

ಅಲಗಿನ ಮೇಲೆ ‘ಎಕ್ಸ್50’ ಅಂತ ಶುರುವಾಗುವ ಉದ್ದನೆಯ ಹೆಸರು ಕೊರೆದಿದ್ದರೆ ಇದು. ಇಂಗಾಲ ಶೇ 0.5, ಕ್ರೋಮಿಯಂ ಶೇ 15ರ ಹತ್ತಿರ, ಸ್ವಲ್ಪ ಮಾಲಿಬ್ಡಿನಂ, ವೆನೇಡಿಯಂ. ವಿಕ್ಟೋರಿನಾಕ್ಸ್ ಅಡುಗೆ ಚಾಕು ಇದೇ ಜಾತಿ, ಗಡಸು 55–56. ವೆನೇಡಿಯಂ ಅಂದ ತಕ್ಷಣ ಹೆದರಬೇಡಿ, ಇರುವುದು ಚಿಟಿಕೆಯಷ್ಟು. ಯಾವ ಸಾಣೆ ಕಲ್ಲಾದರೂ ಇದನ್ನು ಸವೆಸುತ್ತದೆ.

ನನ್ನ ಮಟ್ಟಿಗೆ ದಿನವಿಡೀ ತರಕಾರಿ ಹೆಚ್ಚುವವರಿಗೆ ಇದಕ್ಕಿಂತ ಸಲೀಸಾದ ಉಕ್ಕಿಲ್ಲ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ರಾಡಿನ ಮೇಲೆ ನಾಲ್ಕಾರು ಸಲ, ಯಾವಾಗ ರಾಡಿಗೂ ಬಗ್ಗಲ್ಲ ಅನಿಸುತ್ತದೋ ಆಗ 1000ದ ಕಲ್ಲು. ಹುಡುಗರು ಯಾರು ಹಿಡಿದರೂ, ನೀರಲ್ಲಿ ಬಿಟ್ಟರೂ ತಡೆಯುತ್ತದೆ. ಸಣ್ಣದು ಕೆಲವು ನೂರಕ್ಕೆ ಸಿಗುತ್ತದೆ, ಎಂಟಿಂಚಿನ ದೊಡ್ಡದಕ್ಕೆ ಸಾವಿರಗಳ ಲೆಕ್ಕ. ಮಿರ್ಚಿ ಅಂಗಡಿಯವರಿಗೆ ಸಣ್ಣದೇ ಸಾಕು. ಮೆಣಸಿನಕಾಯಿ ಹೊಟ್ಟೆ ಸೀಳಲು ಬೇಕಾದ್ದು ಮೊನೆ, ಉದ್ದ ಅಲ್ಲ.

ಕಂಬಾರನ ಕಾರ್ಬನ್ ಉಕ್ಕು

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ನಮ್ಮ ಕಡೆ ಇದು ಕೈಗೆಟುಕುವ ಒಳ್ಳೆ ಮಾಲು. ಅದಿರು ಲಾರಿ ಓಡುವ ಜಿಲ್ಲೆಯಲ್ಲಿ ಮುರಿದ ಕಮಾನು ಪಟ್ಟಿಗೆ ಬರ ಇಲ್ಲ. ಅದು ಸ್ಪ್ರಿಂಗ್ ಉಕ್ಕು, ಇಂಗಾಲ ಶೇ 0.5–0.6. ಮಚ್ಚು, ಕುಡುಗೋಲು, ಮಟನ್ ಕತ್ತಿ ಇದರಲ್ಲೇ ಚೆನ್ನ. ಗಟ್ಟಿ, ಬಾಗಿದರೂ ಮುರಿಯುವುದಿಲ್ಲ, ಮಾಮೂಲಿ ಕಲ್ಲಿಗೆ ಒಲಿಯುತ್ತದೆ. ತಿಕ್ಕಿದರೆ ಕಲ್ಲು ಉಕ್ಕನ್ನು ಹಿಡಿಯುವುದು ಕೈಗೇ ಗೊತ್ತಾಗುತ್ತದೆ. ಸ್ಟೇನ್‌ಲೆಸ್‌ನಲ್ಲಿ ಆ ಹಿಡಿತ ಇಲ್ಲ, ಜಾರಿದ ಹಾಗಿರುತ್ತದೆ.

ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಉಕ್ಕಿನ ಕಾರ್ಖಾನೆ ಇದೆ, ಗಿಣಿಗೇರಾ ಕಡೆಯೂ ಇವೆ, ಕಟ್ಟಡದ ಸರಳಿನ ತುಂಡಲ್ಲೇ ಚಾಕು ಬಡಿಸಿದರೆ ಆಗಲ್ವಾ ಅಂತ ಕೇಳಬಹುದು. ಆಗಲ್ಲ. ಕಟ್ಟಡದ ಸರಳಿನಲ್ಲಿ ಇಂಗಾಲ ಶೇ 0.3 ದಾಟಬಾರದು ಅಂತಲೇ ನಿಯಮ ಇದೆ, ಬೆಸುಗೆ ಹಿಡಿಯಬೇಕು, ಬಾಗಬೇಕು ಅಂತ. ಅದನ್ನು ಎಷ್ಟು ಕಾಯಿಸಿ ಎಣ್ಣೆಗೆ ಅದ್ದಿದರೂ ಚಾಕುವಿಗೆ ಬೇಕಾದ ಗಡಸು ಬರುವುದಿಲ್ಲ. ಮಾಡಿಸುವಾಗ ಯಾವ ಕಬ್ಬಿಣ ಅಂತ ಕೇಳಿ, ಪಟ್ಟಿಯನ್ನು ನೀವೇ ಒಯ್ದು ಕೊಟ್ಟರೆ ಇನ್ನೂ ನಿಶ್ಚಿಂತೆ.

ಇದರ ಶತ್ರು ಎರಡು. ಒಂದು ತುಕ್ಕು, ಅದರ ಜೊತೆ ಹುಳಿ. ಹುಣಸೆ, ನಿಂಬೆ, ಟೊಮೆಟೊ ತಾಗಿದರೆ ಕಪ್ಪಾಗುತ್ತದೆ. ಕಪ್ಪು ಕೆಟ್ಟದ್ದಲ್ಲ, ಆ ಪದರ ಕೂತ ಮೇಲೆ ತುಕ್ಕು ಸ್ವಲ್ಪ ತಡವಾಗಿ ಹತ್ತುತ್ತದೆ. ಕೆಂಪು ಬಂದರೆ ಮಾತ್ರ ಬೂದಿ ಹಾಕಿ ತಿಕ್ಕಿ, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡಿ.

ಇನ್ನೊಂದು ಶತ್ರು ಸಾಣೆ ಚಕ್ರದ ಬಿಸಿ. ಸಾಣೆಯವನು ಮಸೆಯುವಾಗ ಕಿಡಿ ನೋಡಬೇಡಿ, ಅಂಚನ್ನು ನೋಡಿ. ಬಿಸಿ ಏರಿದ ಹಾಗೆ ಅಂಚಿನುದ್ದಕ್ಕೂ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿ ಅಂದರೆ ಸುಮಾರು 220 ಡಿಗ್ರಿ, ನೀಲಿ ಅಂದರೆ 300ರ ಹತ್ತಿರ. ಕಾರ್ಬನ್ ಚಾಕುವಿಗೆ ಹದ ಕೊಟ್ಟಿರುವುದೇ 200ರ ಆಸುಪಾಸಿನಲ್ಲಿ. ನೀಲಿ ಬಂತು ಅಂದರೆ ಆ ಜಾಗದ ಹದ ಇಳಿಯಿತು ಅಂತಲೇ ಲೆಕ್ಕ. ಅವತ್ತು ಹರಿತವಾಗೇ ಇರುತ್ತದೆ, ಕೂದಲೂ ಕತ್ತರಿಸುತ್ತದೆ, ವಾರ ಕಳೆಯುವುದರೊಳಗೆ ಮೊಂಡು. ಆ ನೀಲಿ ಪಟ್ಟಿ ಪೂರ್ತಿ ಸವೆದು ಹೋಗುವ ತನಕ ಹಾಗೇ ಇರುತ್ತದೆ. ಆಮೇಲೆ ಜನ ಉಕ್ಕೇ ಸರಿಯಿಲ್ಲ ಅಂತ ಕಂಬಾರನನ್ನು ಬಯ್ಯುತ್ತಾರೆ. ಪಕ್ಕದಲ್ಲಿ ನೀರಿನ ಡಬ್ಬಿ ಇಟ್ಟುಕೊಂಡು ಎರಡು ಸಲ ಎಳೆದ ಕೂಡಲೇ ಅದ್ದುವ ಸಾಣೆಯವನು ಸಿಕ್ಕರೆ ಬಿಡಬೇಡಿ. ಸ್ಟೇನ್‌ಲೆಸ್‌ಗೂ ಈ ಅಪಾಯ ಇದೆ, ಆದರೆ ಅದರಲ್ಲಿ ಬಣ್ಣ ತಡವಾಗಿ ಬರುತ್ತದೆ. ಹಾಗಾಗಿ ಬಣ್ಣ ಕಾಯುತ್ತಾ ಕೂರದೆ, ಅಲಗು ಬೆರಳಿಗೆ ಚುರ್ ಅನ್ನುವಷ್ಟು ಬಿಸಿಯಾದರೆ ನಿಲ್ಲಿಸಿ ಅನ್ನಿ.

ಕುಡುಗೋಲಿನ ಮಾತೇ ಬೇರೆ. ಪೂರ್ತಿ ಸವೆದರೆ ಕಲ್ಲಿನಿಂದ ಆಗುವ ಕೆಲಸವಲ್ಲ, ಕಂಬಾರನ ಹತ್ತಿರ ಹಣಿಸಬೇಕು. ಕಾಯಿಸಿ, ಬಡಿದು ಅಂಚು ತೆಳು ಮಾಡಿ, ಮತ್ತೆ ಹದ ಕೊಡುತ್ತಾನೆ. ಈಳಿಗೆಗೆ ಹಾಗೆ ಬೇಕಿಲ್ಲ. ಮಣೆಯನ್ನು ಅಲ್ಲಾಡದ ಹಾಗೆ ಹಿಡಿದು, ಚಿಕ್ಕ ಕಲ್ಲನ್ನೇ ಅಲಗಿನ ಬಳಿ ತಂದು, ಬುಡದಿಂದ ತುದಿಗೆ ಎರಡೂ ಬದಿ ಆಡಿಸಿದರೆ ಆಯ್ತು.

ಹ್ಯಾಕ್ಸಾ ಬ್ಲೇಡಿನ ಚಾಕು

ವರ್ಕ್‌ಶಾಪಿನ ದೊಡ್ಡ ಪವರ್ ಹ್ಯಾಕ್ಸಾದ ದಪ್ಪ ಬ್ಲೇಡಿನಲ್ಲಿ ಮಾಡಿದ ಚಾಕು ನೋಡಿರುತ್ತೀರಿ. ಹೈಸ್ಪೀಡ್ ಸ್ಟೀಲ್ ಅದು, ಟಂಗ್‌ಸ್ಟನ್, ಮಾಲಿಬ್ಡಿನಂ ಬೆರೆಸಿದ್ದು. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬಟ್ಟೆ ಕತ್ತರಿಸುವ ಮಷೀನಿನ ನೇರ ಬ್ಲೇಡುಗಳಲ್ಲೂ ಈ ಉಕ್ಕು ಇರುವವು ಇವೆ. ಇದರ ವಿಶೇಷ ಅಂದರೆ 500 ಡಿಗ್ರಿ ಮುಟ್ಟಿದರೂ ಹದ ಬಿಡುವುದಿಲ್ಲ. ಸಾಣೆ ಚಕ್ರಕ್ಕೆ ನಿರ್ಭಯವಾಗಿ ಕೊಡಬಹುದಾದ ಚಾಕು ಇದೊಂದೇ. ಕೈಯಲ್ಲಿ ಮಸೆಯೋದು ಮಾತ್ರ ಬೇಸರದ ಕೆಲಸ, ಸಿಲಿಕಾನ್ ಕಾರ್ಬೈಡ್ ಕಲ್ಲು (ಅಂಗಡಿಯಲ್ಲಿ ಕಾರ್ಬೊರಂಡಮ್ ಅನ್ನುತ್ತಾರೆ) ಹಿಡಿದು ತಾಳ್ಮೆಯಿಂದ ಕೂರಬೇಕು. ಕೆಳಗೆ ಬಿದ್ದರೆ ಗಾಜಿನ ಹಾಗೆ ಮುರಿಯಲೂಬಹುದು. ಕೈಗರಗಸದ ತೆಳು ಬ್ಲೇಡು ಬೇಡ, ಅದರಲ್ಲಿ ಬಹಳಷ್ಟಕ್ಕೆ ಹಲ್ಲಿನಷ್ಟೇ ಒಳ್ಳೆ ಉಕ್ಕು, ಉಳಿದದ್ದು ಮೆತ್ತಗಿನ ಪಟ್ಟಿ.

ಜಪಾನಿನವು, ಪೌಡರ್ ಉಕ್ಕಿನವು

ವಿಜಿ-10 ಹೆಚ್ಚು ಕಾಣುವ ಹೆಸರು. ಜಪಾನಿನ ಫುಕುಯಿ ಪ್ರಾಂತದ ಟಕೆಫು ಕಂಪನಿಯದು. ಇಂಗಾಲ ಶೇ 1, ಕ್ರೋಮಿಯಂ ಶೇ 15ರ ಹತ್ತಿರ, ಜೊತೆಗೆ ಕೋಬಾಲ್ಟ್, ಗಡಸು 60ರ ಮೇಲೆ. ಅಂಚು ತೆಳು, ಉಳ್ಳಾಗಡ್ಡಿ ಕೊಯ್ದರೆ ಸದ್ದೇ ಬರಲ್ಲ. ಇದನ್ನು ಬೀದಿಯ ಸಾಣೆಗೆ ಕೊಡಲೇಬೇಡಿ. ಮಟನ್ ಅಂಗಡಿಯ ಉಕ್ಕಿನ ರಾಡಿಗೂ ಬೇಡ, ಚಕ್ಕೆ ಏಳುತ್ತದೆ. ‘ವಿ’ ಆಕಾರದ ಸಂದಿಯಲ್ಲಿ ಎಳೆಯುವ ಪ್ಲಾಸ್ಟಿಕ್ ಸಾಣೆ ಯಂತ್ರವಂತೂ ಅಂಚನ್ನು ಹರಿದು ಹಾಕುತ್ತದೆ. 1000ದ ನೀರು ಕಲ್ಲು, ಅಂದರೆ ನೀರು ಹಾಕಿ ಮಸೆಯುವ ಕಲ್ಲು, ಆಮೇಲೆ 3000 ಅಥವಾ ಮೇಲೆ, ಕೊನೆಗೆ ಚರ್ಮದ ಹಳೇ ಬೆಲ್ಟು. ಅಂದರೆ ಚಾಕುವಿನ ಐದಾರು ಸಾವಿರದ ಮೇಲೆ ಕಲ್ಲಿಗೆ ಇನ್ನೂ ಸಾವಿರ, ಎರಡು ಸಾವಿರ ಇಡಬೇಕು. ಗ್ರಾನೈಟ್ ಕಟ್ಟೆ ಮೇಲೆ ನೇರವಾಗಿ ಹೆಚ್ಚುವ ಅಭ್ಯಾಸ ಇರುವ ಮನೆಗೆ ಈ ಚಾಕು ಹೊಂದಲ್ಲ, ಮೊದಲು ಮರದ ಹಲಗೆ ತನ್ನಿ. ಮಟನ್ ಅಂಗಡಿಯವರು ಸುಮ್ನೆ ಹುಣಸೆ ಕೊರಡು ಇಟ್ಟುಕೊಂಡಿಲ್ಲ.

ಪೌಡರ್ ಉಕ್ಕು, ಅಂದರೆ ಉಕ್ಕಿನ ಪುಡಿಯನ್ನು ಬಿಸಿಯಲ್ಲಿ ಒತ್ತಿ ಗಟ್ಟಿ ಮಾಡಿದ ಎಸ್30ವಿ ಥರದವು, ಹೆಚ್ಚಾಗಿ ಮಡಚುವ ಚಾಕುಗಳಲ್ಲಿ ಬರುತ್ತವೆ. ಎಸ್30ವಿಯಲ್ಲಿ ವೆನೇಡಿಯಂ ಶೇ 4. ಮೇಲೆ ಹೇಳಿದ ಗಟ್ಟಿ ಕಣಗಳ ಕಥೆ ಇದರದೇ. ಬಹಳ ಕಾಲ ಹರಿತ ಹಿಡಿಯುತ್ತದೆ, ಮೊಂಡಾದಾಗ ಡೈಮಂಡ್ ಬಿಟ್ಟು ಬೇರೆಯದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಅಡುಗೆಮನೆಗೆ ಇದು ಬೇಕಾ? ನನಗೆ ಹಾಗೆ ಅನಿಸಲ್ಲ.

ಕಲ್ಲು, ಕೋನ

ಮನೆ ಮುಂದಿನ ಮೆಟ್ಟಿಲಿಗೆ ಚಾಕು ತಿಕ್ಕುವ ರೂಢಿ ನಮ್ಮಲ್ಲಿದೆ. ಷಹಾಬಾದ್ ಬಂಡೆಗೆ ತಿಕ್ಕಿದರೆ ಪ್ರಯೋಜನ ಕಡಿಮೆ. ಅದು ಸುಣ್ಣಕಲ್ಲಿನ ಜಾತಿ, ಉಕ್ಕಿಗಿಂತ ಮೆತ್ತಗೆ. ಕೊಪ್ಪಳ, ರಾಯಚೂರಿನ ಗುಡ್ಡದ ಗ್ರಾನೈಟ್ ಉಕ್ಕನ್ನು ಕತ್ತರಿಸುತ್ತದೆ, ಆದರೆ ಒರಟು. ಕುಡುಗೋಲಿಗೆ ನಡೆಯುತ್ತದೆ, ಚಾಕುವಿಗೆ ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ಒರಟು, ಇನ್ನೊಂದು ಬದಿ ನುಣುಪು ಇರುವ ಕಾರ್ಬೊರಂಡಮ್ ಕಲ್ಲು ಮುನ್ನೂರರ ಆಸುಪಾಸು ಸಿಗುತ್ತದೆ. ಮೇಲಿನ ಮೊದಲ ನಾಲ್ಕು ಜಾತಿಗೂ ಅದು ಸಾಕು.

ಕೋನಕ್ಕೆ ಯಂತ್ರ ಬೇಡ. ಅಲಗಿನ ಅಗಲದ ಮೂರನೇ ಒಂದು ಭಾಗದಷ್ಟು ಬೆನ್ನನ್ನು ಕಲ್ಲಿನಿಂದ ಮೇಲೆತ್ತಿದರೆ ಹೆಚ್ಚುಕಡಿಮೆ 20 ಡಿಗ್ರಿ, ಕಾಲು ಭಾಗ ಎತ್ತಿದರೆ 15. ಮೂರು ಸೆಂಟಿಮೀಟರ್ ಅಗಲದ ಚಾಕುವಿಗೆ ಒಂದು ಸೆಂಟಿಮೀಟರ್ ಎತ್ತಿದರೆ 20 ಬಂತು. ಮಾಮೂಲಿ ಮತ್ತು ಯುರೋಪಿನ ಸ್ಟೇನ್‌ಲೆಸ್‌ಗೆ, ಕಾರ್ಬನ್ ಚಾಕುವಿಗೆ 20. ಜಪಾನಿನವಕ್ಕೆ 15. ಮಚ್ಚು, ಎಲುಬು ಕಡಿಯುವ ಕತ್ತಿಗೆ 25. ಒಂದು ಬದಿ ಉಜ್ಜುತ್ತಾ ಹೋದರೆ ಇನ್ನೊಂದು ಬದಿಗೆ ಕೂದಲಿನಷ್ಟು ಸಣ್ಣ ಅಂಚು ಮಡಚಿ ನಿಲ್ಲುತ್ತದೆ, ವರ್ಕ್‌ಶಾಪಿನವರು ಬರ್ ಅಂತಾರೆ. ಬೆನ್ನಿನ ಕಡೆಯಿಂದ ಅಂಚಿನ ಹೊರಗೆ ಬೆರಳು ಸವರಿದರೆ ತಡೆದಂತಾಗುತ್ತದೆ. ಅಲಗಿನ ಉದ್ದಕ್ಕೂ ಅದು ಸಿಗುವವರೆಗೆ ಬದಿ ಬದಲಿಸಬೇಡಿ. ಮನೆಯಲ್ಲಿ ಮಸೆದು ಹರಿತ ಬರಲಿಲ್ಲ ಅನ್ನುವವರು ಹೆಚ್ಚಾಗಿ ಬರ್ ಬರುವ ಮುಂಚೆಯೇ ಎದ್ದಿರುತ್ತಾರೆ.

ಯಾರಿಗೆ ಯಾವುದು

ನಾಲ್ಕು ಜನರ ಮನೆ, ಬಜೆಟ್ ಸಾವಿರದ ಒಳಗೆ ಅಂದರೆ ಎರಡು ಮಾಮೂಲಿ ಸ್ಟೇನ್‌ಲೆಸ್ ಚಾಕು, ಒಂದು ಕಾರ್ಬೊರಂಡಮ್ ಕಲ್ಲು. ಉಳಿದ ದುಡ್ಡಿಗೆ ಹಲಗೆ. ಮೆಸ್, ಹೋಟೆಲ್ ಆದರೆ ಯುರೋಪಿನದು, ಜೊತೆಗೆ ರಾಡು. ಹತ್ತು ಕೈ ಬದಲಾಗುವ ಅಡುಗೆಮನೆಯಲ್ಲಿ ಕಾರ್ಬನ್ ಚಾಕು ಉಳಿಯುವುದಿಲ್ಲ, ಯಾರೋ ಒಬ್ಬರು ಒದ್ದೆ ಇಟ್ಟೇ ಇಡುತ್ತಾರೆ. ಒಬ್ಬರೇ ಹೆಚ್ಚುವವರು, ಒರೆಸಿಡುವ ಅಭ್ಯಾಸ ಇದೆ ಅಂದರೆ ಕಂಬಾರನದೇ ಮಾಡಿಸಿ, ಅಷ್ಟು ದುಡ್ಡಿಗೆ ಅಷ್ಟು ಹರಿತ ಬೇರೆಲ್ಲೂ ಸಿಗಲ್ಲ. ಮಟನ್ ಅಂಗಡಿಗೆ ಎರಡು ಬೇಕು, ಕಡಿಯಲು ಕಮಾನು ಪಟ್ಟಿಯದು, ಎಲುಬಿನಿಂದ ಮಾಂಸ ಬಿಡಿಸಲು ತೆಳು ಸ್ಟೇನ್‌ಲೆಸ್. ಎರಡನ್ನೂ ಒಂದೇ ಕತ್ತಿಯಲ್ಲಿ ಮಾಡಲು ಹೋದರೆ ಎರಡಕ್ಕೂ ಕೋನ ಸರಿಹೋಗುವುದಿಲ್ಲ. ಶೋಕಿಗೆ, ಅಡುಗೆಯ ಹುಚ್ಚಿಗೆ ವಿಜಿ-10 ತಗೊಳ್ಳಿ, ಕಲ್ಲನ್ನು ಅದೇ ದಿನ ಆರ್ಡರ್ ಮಾಡಿ.

ದುಬೈನಿಂದಲೋ ಅಮೆರಿಕದಿಂದಲೋ ಯಾರಾದರೂ ಪೌಡರ್ ಉಕ್ಕಿನ ಚಾಕು ಕೊಟ್ಟಿದ್ದರೆ 400 ಮತ್ತು 1000 ನಂಬರಿನ ಡೈಮಂಡ್ ಪ್ಲೇಟ್ ತರಿಸಿಕೊಳ್ಳಿ. ಮನೆಯ ಉಳಿದ ಚಾಕುಗಳಿಗೂ ಅದೇ ಆಗುತ್ತದೆ, ಕಲ್ಲಿನ ಹಾಗೆ ನಡುವೆ ಗುಂಡಿ ಬೀಳುವುದಿಲ್ಲ. ಜೋರಾಗಿ ಮಾತ್ರ ಒತ್ತಬೇಡಿ, ಒತ್ತಿದರೆ ವಜ್ರದ ಪುಡಿ ಪ್ಲೇಟಿನಿಂದ ಕಿತ್ತು ಬರುತ್ತದೆ.